ಆಸ್ಪತ್ರೆ, ಶಾಲೆ ಮತ್ತು ನಮ್ಮ ಕೂಲಿ

(ಬೆಂಗಳೂರು ವಿಜಯನಗರದ ಆರ್‌ಪಿಸಿ ಲೇಔಟಿನಲ್ಲಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿ ವರ್ಷ ಮುಂಗಡಪತ್ರದ ಕಾಲ ಬಂತೆಂದರೆ ಒಂದು ಮಾತು ನಮ್ಮ ಕಿವಿಗೆ ಬೀಳುತ್ತದೆ. "ಮೊದಲು ನಾಡಿನ ಸಂಪತ್ತು ಬೆಳೆಯಲಿ. ಕಾರ್ಖಾನೆ ಬರಲಿ, ರಸ್ತೆ ಬರಲಿ, ಬಂಡವಾಳ ಬರಲಿ. ಆಮೇಲೆ ಶಾಲೆ, ಆಸ್ಪತ್ರೆ ತಾವಾಗಿಯೇ ಬರುತ್ತವೆ." ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಗಂಟು ಇದ್ದರೆ ತಾನೇ ಖರ್ಚು ಮಾಡುವುದು? ಈ ಮಾತು ನಿಜವೋ ಸುಳ್ಳೋ ಎಂಬುದನ್ನು ನಮ್ಮ ನಾಡಿನ ಲೆಕ್ಕದ ಪುಸ್ತಕವನ್ನೇ ಬಿಚ್ಚಿ ನೋಡೋಣ. ನಾನು ಅರ್ಥಶಾಸ್ತ್ರದ ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಆದ್ದರಿಂದ ಕೂಡುವ, ಕಳೆಯುವ ಲೆಕ್ಕದಲ್ಲಿಯೇ ಹೇಳುತ್ತೇನೆ.

ಇಲ್ಲಿ ಅಂಗಡಿ ಇಟ್ಟವರು ಬಹಳ ಮಂದಿ ಇದ್ದೀರಿ. ಅಂಗಡಿಗೆ ಒಂದು ತಕ್ಕಡಿ ತಂದರೆ ಆ ಹಣವನ್ನು ನೀವು ನಷ್ಟ ಎಂದು ಬರೆಯುವುದಿಲ್ಲ. ಹತ್ತು ವರ್ಷ ಅದು ನಿಮಗೆ ದುಡಿದು ಕೊಡುತ್ತದೆ ಎಂದು ಗೊತ್ತು. ಆದರೆ ಸರ್ಕಾರದ ಲೆಕ್ಕ ನೋಡಿ. ಸೇತುವೆ ಕಟ್ಟಿದ ಹಣ ಬಂಡವಾಳದ ಖಾತೆಗೆ ಹೋಗುತ್ತದೆ. ಮೇಷ್ಟ್ರ ಸಂಬಳ, ದಾದಿಯ ಸಂಬಳ, ಮಕ್ಕಳ ಲಸಿಕೆಯ ಹಣ ಬರೀ ಖರ್ಚಿನ ಖಾತೆಗೆ ಹೋಗುತ್ತದೆ. ಕೊರತೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಈ ಖಾತೆಗೇ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಮಂತ್ರಿಯ ಅವಧಿ ಐದು ವರ್ಷಕ್ಕೆ ಮುಗಿಯುತ್ತದೆ. ಒಂದು ಮಗು ಹುಟ್ಟಿ, ಬೆಳೆದು, ಓದಿ, ಕೈಗೆ ಕೆಲಸ ಬರುವುದಕ್ಕೆ ಇಪ್ಪತ್ತು ವರ್ಷ ಬೇಕು. ಇವತ್ತು ಹಾಕಿದ ಹಣದ ಫಲ ಇನ್ನಾರದೋ ಕಾಲದಲ್ಲಿ ಬರುತ್ತದೆ. ಆದ್ದರಿಂದಲೇ ಅದಕ್ಕೆ ಹಾಕಲು ಆಳುವವರ ಕೈ ಹಿಂಜರಿಯುತ್ತದೆ.

ಮೊದಲು ನಾವು ಕುಳಿತಿರುವ ಈ ಬೆಂಗಳೂರಿನ ಲೆಕ್ಕ ತೆಗೆಯೋಣ. 1898ರಲ್ಲಿ ಈ ಊರಿಗೆ ಪ್ಲೇಗು ಬಂತು. ರೈಲಿನ ಜೊತೆಗೆ ಬಂದ ರೋಗ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಹಬ್ಬಿತು. ಜನ ಮನೆಮಠ ಬಿಟ್ಟು ಓಡಿದರು, ಅಂಗಡಿ ಬೀದಿಗಳು ಬಣಗುಟ್ಟಿದವು. ವ್ಯಾಪಾರ ನಿಂತದ್ದು ಬಂಡವಾಳ ಇಲ್ಲದೆ ಅಲ್ಲ, ಇಲಿ ಮತ್ತು ಕೊಳಕಿನಿಂದ. ಆ ಪೆಟ್ಟು ತಿಂದ ಮೇಲೆ ಅಗಲವಾದ ರಸ್ತೆ, ಗಾಳಿ ಬೆಳಕಿನ ಮನೆಗಳ ಬಡಾವಣೆಗಳಾಗಿ ಮಲ್ಲೇಶ್ವರ, ಬಸವನಗುಡಿ ಬೇಗ ಬೆಳೆದವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಅದಕ್ಕೂ ಮೊದಲೇ, 1896ರಲ್ಲಿ, ಹೆಸರಘಟ್ಟದ ಕೆರೆಯಿಂದ ಶೋಧಿಸಿದ ನೀರು ಕೊಳಾಯಿಯಲ್ಲಿ ಬರಲು ಶುರುವಾಗಿತ್ತು. ಇನ್ನು ಶಾಲೆಯ ಕಡೆ ನೋಡಿ. 1909ರಲ್ಲಿ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ತಂದಿತು. 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು.

ಈಗ ಕಾರ್ಖಾನೆಗಳ ವರ್ಷ ಓದುತ್ತೇನೆ, ಪಕ್ಕದಲ್ಲಿ ಬರೆದುಕೊಳ್ಳಿ. ವಿಮಾನ ಕಾರ್ಖಾನೆ 1940. ಐಟಿಐ 1948. ಎಚ್‌ಎಂಟಿ 1953. ಬಿಇಎಲ್ 1954. ಶಾಲೆಯ ಕಾನೂನಿಗೂ ಗಡಿಯಾರದ ಕಾರ್ಖಾನೆ ಕಟ್ಟಿದ ಈ ಕಂಪನಿಯ ಹುಟ್ಟಿಗೂ ನಡುವೆ ನಲವತ್ತು ವರ್ಷ ಇದೆ. ಕಾರ್ಖಾನೆ ಇಡಲು ಬಂದವರಿಗೆ ಇಲ್ಲಿ ಬರೀ ತಂಪು ಹವೆ ಸಿಗಲಿಲ್ಲ. ನಕ್ಷೆ ಓದಬಲ್ಲ, ಅಳತೆ ಹಿಡಿಯಬಲ್ಲ, ಲೆಕ್ಕ ಬರೆಯಬಲ್ಲ ಹುಡುಗರು ಸಿಕ್ಕಿದರು. ಶಿವನಸಮುದ್ರದ ವಿದ್ಯುತ್ತು ಯಂತ್ರವನ್ನು ತಿರುಗಿಸಿತು ನಿಜ, ಯಂತ್ರದ ಮುಂದೆ ನಿಲ್ಲುವ ಮನುಷ್ಯನನ್ನು ತಯಾರು ಮಾಡಿದ್ದು ಶಾಲೆ. ಇವತ್ತು ಕಂಪ್ಯೂಟರ್ ಕಂಪನಿಗಳ ಸಂಪತ್ತನ್ನು ಹೊಗಳುವವರು ಈ ಹಳೆಯ ಬೇರನ್ನು ಮರೆಯುತ್ತಾರೆ.

ಆ ಕಾಲದ ಶಾಲೆಯ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಓದು, ಸರ್ಕಾರಿ ನೌಕರಿ ಎರಡೂ ಕೆಲವೇ ಜಾತಿಗಳ ಕೈಯಲ್ಲಿದೆ ಎಂದು ಹಿಂದುಳಿದವರು ದನಿ ಎತ್ತಿದ ಮೇಲೆ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಹೋರಾಡಿದ ಮೇಲೆ ಬಾಗಿಲು ಅಗಲವಾಯಿತು. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲಿನಲ್ಲಿ ಮಗ್ಗದ ಮುಂದೆ ಹತ್ತಿಯ ಧೂಳು ಕುಡಿದು ದುಡಿದವರ ಮಕ್ಕಳಿಗೆ ಓದು ತಡವಾಗಿ ಸಿಕ್ಕಿತು. ಆ ಗಿರಣಿಗಳು ಇವತ್ತು ನಿಂತಿವೆ. ಓದು ಸಿಕ್ಕ ಮನೆಯವರು ಬೇರೆ ಕೆಲಸ ಹಿಡಿದು ಉಳಿದರು. ಓದು ಸಿಗದ ಮನೆಯವರಿಗೆ ಗಿರಣಿಯ ಬಾಗಿಲು ಮುಚ್ಚಿದಾಗ ಬದುಕಿನ ಬಾಗಿಲೇ ಮುಚ್ಚಿದ ಹಾಗಾಯಿತು.

ಈಗ ಆರೋಗ್ಯಕ್ಕೆ ಬರೋಣ. ಇದಕ್ಕೆ ಮಂಡ್ಯದ ಕಥೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕನ್ನಂಬಾಡಿ ಕಟ್ಟೆ ಆಯಿತು. ಇರ್ವಿನ್ ನಾಲೆ, ಈಗ ನಾವು ವಿಶ್ವೇಶ್ವರಯ್ಯ ನಾಲೆ ಎನ್ನುವುದು, ಒಣ ಭೂಮಿಗೆ ನೀರು ತಂದಿತು. ಬತ್ತ, ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನೀರಿನ ಜೊತೆಗೇ ಸೊಳ್ಳೆಯೂ ಬಂತು. ನಾಲೆಯ ಬದಿಯ ಹಳ್ಳಿಗಳಲ್ಲಿ ಮಲೇರಿಯಾ ಮನೆ ಮನೆ ಹೊಕ್ಕಿತು. ನಾಟಿ ಮಾಡುವ ದಿನ, ಕೊಯ್ಲಿನ ದಿನ ರೈತ ಕಂಬಳಿ ಹೊದ್ದು ನಡುಗುತ್ತ ಮಲಗಿದರೆ ನಾಲೆಯ ನೀರು ಯಾರಿಗೆ ಉಪಯೋಗ? ಕೋಟಿಗಟ್ಟಲೆ ಹಣ ಹಾಕಿ ಕಟ್ಟಿದ ಅಣೆಕಟ್ಟಿನ ಫಲವನ್ನು ಒಂದು ಸೊಳ್ಳೆ ತಿಂದುಹಾಕಬಲ್ಲದು.

ಸಂಸ್ಥಾನದ ಆರೋಗ್ಯ ಇಲಾಖೆ 1920ರ ದಶಕದ ಕೊನೆಯಿಂದಲೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಮಲೇರಿಯಾದ ಅಭ್ಯಾಸಕ್ಕೆ ಇಳಿದಿತ್ತು. ಮಂಡ್ಯ, ಹಿರಿಯೂರು, ಮುಡಿಗೆರೆಯ ಕಡೆಗಳಲ್ಲಿ ಕೆಲಸ ನಡೆಯಿತು. ನಿಂತ ನೀರು ಹರಿಸುವುದು, ಗುಂಡಿಗಳಿಗೆ ಔಷಧ ಹಾಕುವುದು, ಸೊಳ್ಳೆಯ ಮರಿಯನ್ನು ನೀರಿನಲ್ಲಿಯೇ ಕೊಲ್ಲುವುದು, ಇವು ಆ ಕೆಲಸಗಳು. ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ದೇಶವ್ಯಾಪಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಆಗ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಈ ಜ್ವರ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. ಮನೆ ಮನೆಗೆ ಡಿಡಿಟಿ ಹೊಡೆದರು. 1960ರ ದಶಕದ ಮೊದಲಲ್ಲಿ ರೋಗಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ನಡುಗುತ್ತಿದ್ದ ಕೈ ನೇಗಿಲು ಹಿಡಿಯಿತು. ಗುಲ್ಮ ಊದಿ ಹೊಟ್ಟೆ ಮುಂದೆ ಬಂದಿದ್ದ ಮಕ್ಕಳು ಶಾಲೆಗೆ ಬಂದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ರೋಗ ಹೋಯಿತು ಎಂದು ಕಾವಲು ಸಡಿಲವಾಯಿತು, ಸೊಳ್ಳೆಗೆ ಔಷಧ ನಾಟದಂತಾಯಿತು, ಸಲಕರಣೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. 1976ರ ಹೊತ್ತಿಗೆ ದೇಶದಲ್ಲಿ ಮಲೇರಿಯಾ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷಕ್ಕೆ ಏರಿತ್ತು. ರಸ್ತೆಗೆ ಒಂದು ವರ್ಷ ಡಾಂಬರು ಹಾಕದಿದ್ದರೆ ಗುಂಡಿ ಬೀಳುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಆರೋಗ್ಯದ ಕಾವಲುಗಾರನನ್ನು ತೆಗೆದರೆ ಬೀಳುವ ಗುಂಡಿ ಹಲವು ವರ್ಷ ಕಳೆದ ಮೇಲೆ ಕಾಣುತ್ತದೆ. ಅಷ್ಟರಲ್ಲಿ ತೆಗೆದವನು ಕುರ್ಚಿ ಬಿಟ್ಟು ಹೋಗಿರುತ್ತಾನೆ.

ಮಿತ್ರರೇ, ಈಗ ವ್ಯಾಪಾರಿಗಳು ಕೇಳಬೇಕಾದ ಒಂದು ವಿಷಯ ಹೇಳುತ್ತೇನೆ. ಕರಾವಳಿಯವರು ಬ್ಯಾಂಕು ಕಟ್ಟುವುದರಲ್ಲಿ ಗಟ್ಟಿಗರು ಎನ್ನುತ್ತೇವೆ. ಬ್ಯಾಂಕಿಗಿಂತ ಮೊದಲು ಅಲ್ಲಿ ಏನು ಬಂತು? ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದ್ದು 1891ರಲ್ಲಿ. ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು 1894ರಲ್ಲಿ. ಕೆನರಾ ಬ್ಯಾಂಕಿನ ಮೂಲವಾದ ನಿಧಿ ಹುಟ್ಟಿದ್ದು 1906ರಲ್ಲಿ. ಶಾಲೆ ಮೊದಲು, ಬ್ಯಾಂಕು ಆಮೇಲೆ. ಅದೇ 1890ರ ದಶಕದಲ್ಲಿ ಕುದ್ಮುಲ್ ರಂಗರಾಯರು ಊರವರ ಬಹಿಷ್ಕಾರವನ್ನು ಎದುರಿಸಿ ದಲಿತ ಮಕ್ಕಳಿಗೆ ಶಾಲೆ ನಡೆಸಿದರು. ಬಾಸೆಲ್ ಮಿಷನ್ನಿನವರ ಶಾಲೆಗಳು ಅದಕ್ಕೂ ಹಿಂದಿನವು. 1925ರಲ್ಲಿ ಉಡುಪಿಯಲ್ಲಿ ನೇಕಾರರಿಗೆ ನೆರವಾಗಲೆಂದು ಸಿಂಡಿಕೇಟ್ ಬ್ಯಾಂಕು ಆರಂಭವಾದಾಗ ಅದನ್ನು ಕಟ್ಟಿದವರಲ್ಲಿ ಒಬ್ಬರು ಡಾಕ್ಟರು, ಟಿ.ಎಂ.ಎ. ಪೈಗಳು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಉಳಿಸುವ ಬಡವನ ಮನೆ ಬಾಗಿಲಿಗೇ ಬ್ಯಾಂಕಿನವನು ಬರುವ ಪದ್ಧತಿ ಅದು. ಎರಡಾಣೆ ಕೊಟ್ಟವನು ತನ್ನ ಪುಸ್ತಕದಲ್ಲಿ ಬರೆದದ್ದು ಸರಿಯೇ ಎಂದು ಓದಿ ನೋಡಬಲ್ಲವನಾದಾಗ ಇಂಥ ವ್ಯವಹಾರದ ಮೇಲೆ ನಂಬಿಕೆ ಬೆಳೆಯುತ್ತದೆ. 1974ರ ನಂತರ ಭೂಸುಧಾರಣೆ ಬಂದು ಗೇಣಿದಾರನಿಗೆ ಭೂಮಿ ಸಿಕ್ಕಾಗ, ಧಣಿಯ ಮನೆಯ ಚಾಕರಿಗೆ ಹೋಗುತ್ತಿದ್ದ ಮಕ್ಕಳಿಗೆ ಶಾಲೆಯ ದಾರಿ ಇನ್ನಷ್ಟು ಸುಲಭವಾಯಿತು.

ಈಗ ರಾಜ್ಯದ ಇನ್ನೊಂದು ತುದಿಗೆ ಹೋಗೋಣ. ಕಲಬುರಗಿ, ರಾಯಚೂರು, ಬೀದರ್ 1948ರ ವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. ಶಾಲೆಗಳು ವಿರಳ, ಇದ್ದ ಕಡೆ ಮಗುವಿನ ಮನೆಮಾತಿಗೆ ಬೆಲೆ ಇಲ್ಲ. ಕಲಬುರಗಿಯ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ, ಇಂಥವನ್ನು ಜನರೇ ಕಷ್ಟಪಟ್ಟು ಕಟ್ಟಿಕೊಂಡರು. ಆ ಸೀಮೆಯ ನೆಲ ಬಡ ನೆಲವಲ್ಲ. ಕೃಷ್ಣೆ ಇದ್ದಾಳೆ, ಭೀಮೆ ಇದ್ದಾಳೆ, ತೊಗರಿಯ ಕಣಜ ಅದು. ಆದರೂ 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ನೂರಕ್ಕೆ 88 ದಾಟಿದ್ದರೆ ಯಾದಗಿರಿಯದು 52ನ್ನು ಮುಟ್ಟಲಿಲ್ಲ. ತಲಾ ಆದಾಯದ ಪಟ್ಟಿಯಲ್ಲೂ ಕಲಬುರಗಿ, ಯಾದಗಿರಿ ಕೊನೆಯ ಸಾಲಿನಲ್ಲಿವೆ, ದಕ್ಷಿಣ ಕನ್ನಡ ಮುಂದಿನ ಸಾಲಿನಲ್ಲಿದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು. ನೂರು ವರ್ಷದ ಹಿಂದೆ ಕಟ್ಟದೆ ಬಿಟ್ಟ ಶಾಲೆಯ ದಂಡವನ್ನು ಇಂದಿನ ಮೊಮ್ಮಕ್ಕಳು ತೆರುತ್ತಿದ್ದಾರೆ.

ಇದು ದೂರದ ಊರಿನ ಸಂಗತಿ ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಕಟ್ಟಡ ಏಳುವ ಕಡೆ ನಿಂತು ಗಾರೆ ಕಲಸುವವರನ್ನು ಯಾವ ಊರು ಎಂದು ಕೇಳಿ. ಯಾದಗಿರಿ, ರಾಯಚೂರು ಎಂದು ಹೇಳುವವರು ಎಷ್ಟೋ ಮಂದಿ ಸಿಗುತ್ತಾರೆ. ತಗಡಿನ ಶೆಡ್ಡಿನಲ್ಲಿ ಆಡುವ ಅವರ ಮಕ್ಕಳು ಊರಿನ ಶಾಲೆಯ ಹಾಜರಿಯಲ್ಲೂ ಇಲ್ಲ, ಇಲ್ಲಿನ ಶಾಲೆಯ ಹಾಜರಿಯಲ್ಲೂ ಇಲ್ಲ.

ಇನ್ನು "ಸಂಪತ್ತು ಬಂದರೆ ಉಳಿದದ್ದು ತಾನಾಗಿ ಬರುತ್ತದೆ" ಎಂಬ ಮಾತಿಗೆ ನೇರ ಉತ್ತರ. ತಲಾ ಆದಾಯದಲ್ಲಿ ಕರ್ನಾಟಕ ದೇಶದ ಮುಂದಿನ ರಾಜ್ಯಗಳಲ್ಲಿ ಒಂದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, 65 ಮಕ್ಕಳಿಗೆ ರಕ್ತಹೀನತೆ ಇದೆ. ಸಂಪತ್ತು ಬಂತು, ಮಗುವಿನ ರಕ್ತಕ್ಕೆ ಇಳಿಯಲಿಲ್ಲ. 2020ರ ಲೆಕ್ಕದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಸತ್ತವು ಕರ್ನಾಟಕದಲ್ಲಿ 19, ಕೇರಳದಲ್ಲಿ 6. ಕೇರಳ ಬಡ ರಾಜ್ಯವಾಗಿದ್ದ ಕಾಲದಲ್ಲೇ ಹಳ್ಳಿ ಹಳ್ಳಿಗೆ ಶಾಲೆ, ಆಸ್ಪತ್ರೆ ಮಾಡಿತ್ತು.

ಇಲ್ಲಿ ಒಬ್ಬ ಮಿತ್ರರು ಎದ್ದು, "ಹಾಗಾದರೆ ಕೇರಳದ ಹುಡುಗರು ಕೆಲಸ ಹುಡುಕಿಕೊಂಡು ಕೊಲ್ಲಿ ದೇಶಗಳಿಗೆ ಯಾಕೆ ಹೋದರು?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶಾಲೆ, ಆಸ್ಪತ್ರೆ ಇದ್ದ ಮಾತ್ರಕ್ಕೆ ಕಾರ್ಖಾನೆ ಮೊಳೆಯುವುದಿಲ್ಲ. ವಿದ್ಯುತ್ತು ಬೇಕು, ಸಾಲ ಬೇಕು, ಸರಕು ಕೊಳ್ಳುವವರು ಬೇಕು. ಬೀಜ ಒಂದೇ ಇದ್ದರೆ ಬೆಳೆ ಬರುವುದಿಲ್ಲ, ನೀರು ಗೊಬ್ಬರ ಬೇಕು. ಆದರೆ ಬೀಜವನ್ನೇ ಹಾಕದೆ ನೀರು ಬಿಟ್ಟವನಿಗೆ ಏನು ಸಿಗುತ್ತದೆ? ಕಳೆ ಸಿಗುತ್ತದೆ. ಕೊಲ್ಲಿಗೆ ಹೋದ ಹುಡುಗ ಓದು ಬಲ್ಲವನಾಗಿದ್ದರಿಂದ ಮನೆಗೆ ಹಣ ಕಳಿಸಿದ. ಅದೇ ಕೇರಳದ ತಲಾ ಆದಾಯ ಮುಂದೆ ದೇಶದ ಸರಾಸರಿಯನ್ನು ದಾಟಿತು.

ಈ ನಂಟು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನನ್ನ ಹಳೆಯ ವೃತ್ತಿಯಿಂದ ಹೇಳುತ್ತೇನೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಬಂದ ಮಗು ಎರಡನೆಯ ಪಿರಿಯಡ್ಡಿಗೆ ತೂಕಡಿಸುತ್ತದೆ. ರಕ್ತ ಕಡಿಮೆ ಇರುವ ಮಗುವಿಗೆ ಮಗ್ಗಿ ತಲೆಯಲ್ಲಿ ನಿಲ್ಲುವುದಿಲ್ಲ. ದಡ್ಡ ಎಂಬ ಹೆಸರು ಬೀಳುತ್ತದೆ, ಮೂರು ವರ್ಷ ಕಳೆದ ಮೇಲೆ ಶಾಲೆ ಬಿಡುತ್ತದೆ. ಹದಿನೆಂಟು ತುಂಬಿದಾಗ ಅದಕ್ಕೆ ಸಿಗುವುದು ಎಲ್ಲಕ್ಕಿಂತ ಕೆಳಗಿನ ಕೂಲಿ. ಹೆಣ್ಣುಮಗುವಾದರೆ ಬೇಗ ಮದುವೆ, ಬೇಗ ಬಸಿರು, ಹುಟ್ಟುವ ಮಗುವಿಗೂ ರಕ್ತ ಕಡಿಮೆ. ಬಡತನ ಹೀಗೆ ತಾಯಿಯ ಹೊಟ್ಟೆಯಿಂದಲೇ ಮಗುವಿಗೆ ಬರುತ್ತದೆ. ಈ ಸರಪಳಿಯನ್ನು ಯಾವ ಕೊಂಡಿಯಲ್ಲಿ ಕಡಿದರೂ ಲಾಭವೇ. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಜಾಗಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. 2013ರಲ್ಲಿ ಹಾಲು ಬಂತು. ಇದನ್ನು ಪುಕ್ಕಟೆ ಅನ್ನ ಎಂದು ಹಂಗಿಸುವವರಿದ್ದಾರೆ. ಮಧ್ಯಾಹ್ನ ಒಂದು ತಟ್ಟೆ ಅನ್ನಸಾರು ತಿಂದು ಪಾಠ ಕೇಳಿದ ಮಗು ಇಪ್ಪತ್ತು ವರ್ಷದ ಮೇಲೆ ಎಷ್ಟು ತೆರಿಗೆ ಕಟ್ಟುತ್ತದೆ ಎಂಬ ಲೆಕ್ಕವನ್ನು ಅವರು ಹಾಕುವುದಿಲ್ಲ.

ದುಡಿಯುವವನ ಕಾಯಿಲೆಯ ಲೆಕ್ಕವೂ ಇದೇ. ಕೂಲಿಯವನಿಗೆ ಕಾಯಿಲೆ ಬಂದರೆ ಎರಡು ಕಡೆಯಿಂದ ಏಟು. ಬರುವ ಕೂಲಿ ನಿಲ್ಲುತ್ತದೆ, ಔಷಧದ ಖರ್ಚು ಏರುತ್ತದೆ. ಮೊದಲು ಕಿವಿಯ ಓಲೆ ಗಿರವಿಗೆ ಹೋಗುತ್ತದೆ, ಆಮೇಲೆ ಮಗನ ಓದು. 2021-22ರ ಲೆಕ್ಕದಲ್ಲಿ ನಮ್ಮ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ನೂರಕ್ಕೆ 39 ಪಾಲು ಜನ ತಮ್ಮ ಜೇಬಿನಿಂದ ನೇರವಾಗಿ ಕೊಟ್ಟದ್ದು. ಇದಕ್ಕೇ 1948ರಲ್ಲಿ ಇಎಸ್‌ಐ ಕಾನೂನು ಬಂದದ್ದು. ಕಾಯಿಲೆ ಬಿದ್ದ ಕಾರ್ಮಿಕನಿಗೆ ಚಿಕಿತ್ಸೆ, ಕೂಲಿಯ ನೂರಕ್ಕೆ 70 ಪಾಲನ್ನು ವರ್ಷಕ್ಕೆ 91 ದಿನದವರೆಗೆ ಕೊಡುವ ಏರ್ಪಾಡು ಅದರ ಅಡಿಯಲ್ಲಿ ನಡೆದುಬಂದಿದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಮಗೆ ಹತ್ತಿರವೇ ಇದೆ. ಅದು ಯಾರ ದಾನವೂ ಅಲ್ಲ, ಅದರಲ್ಲಿ ನಿಮ್ಮ ಸಂಬಳದ ಪಾಲೂ ಇದೆ. ಆದರೆ ಇಬ್ಬರು ಹುಡುಗರನ್ನು ಇಟ್ಟುಕೊಂಡ ಅಂಗಡಿಯವರಿಗೆ, ತಳ್ಳುಗಾಡಿಯವರಿಗೆ, ಮನೆಗೆಲಸದ ತಾಯಂದಿರಿಗೆ ಅದರ ನೆರಳಿಲ್ಲ. ಸಣ್ಣ ವ್ಯಾಪಾರಿ ತಾನು ಮಾಲೀಕ ಎಂದುಕೊಂಡಿರುತ್ತಾನೆ. ಒಂದು ಆಪರೇಷನ್ ಆಗುವ ತನಕ ಮಾತ್ರ ಅವನು ಮಾಲೀಕ.

ಹಾಗಾದರೆ ಹಣ ಎಲ್ಲಿಂದ ಎಂದು ಕೇಳುತ್ತಾರೆ. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ನೂರಕ್ಕೆ 6 ಪಾಲು ಬೇಕೆಂದು ಕೊಠಾರಿ ಆಯೋಗ 1966ರಲ್ಲಿಯೇ ಹೇಳಿತ್ತು. ಆರೋಗ್ಯಕ್ಕೆ ಸರ್ಕಾರದ ಖರ್ಚು ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಎರಡೂವರೆ ಪಾಲು ಆಗಬೇಕು, 2025ರೊಳಗೆ ಆಗಬೇಕು ಎಂದು 2017ರ ಆರೋಗ್ಯ ನೀತಿಯೇ ಬರೆಯಿತು. 2021-22ರಲ್ಲಿ ಅದು ಎರಡನ್ನೂ ಮುಟ್ಟಿರಲಿಲ್ಲ. ನಾವು ಹೊಸದೇನನ್ನೂ ಕೇಳುತ್ತಿಲ್ಲ, ಅವರೇ ಬರೆದುಕೊಟ್ಟ ಚೀಟಿಯನ್ನು ತೋರಿಸುತ್ತಿದ್ದೇವೆ.

ನಾವು ಮಾಡಬೇಕಾದ ಕೆಲಸಗಳಿವೆ. ಮೊದಲನೆಯದು, ಪ್ರತಿ ಗಾರ್ಮೆಂಟ್, ಪ್ರತಿ ವರ್ಕ್‌ಶಾಪಿನ ಕಾರ್ಮಿಕರು ತಮ್ಮ ಹೆಸರು ಇಎಸ್‌ಐಗೆ ಸೇರಿದೆಯೇ ಎಂದು ನೋಡಿಕೊಳ್ಳಬೇಕು. ಸೇರಿಲ್ಲದಿದ್ದರೆ ಸಂಘದ ಮೂಲಕ ಕೇಳಬೇಕು. ಎರಡನೆಯದು, ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಗೆ ತಂದೆತಾಯಂದಿರು ಹೋಗಬೇಕು. ಮೇಷ್ಟ್ರ ಹುದ್ದೆ ಎಷ್ಟು ಖಾಲಿ ಇವೆ, ಬಿಸಿಯೂಟ ಹೇಗಿದೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ಮೂರನೆಯದು, ಕಟ್ಟಡ ಕಾರ್ಮಿಕರ ಮಕ್ಕಳ ವಿಚಾರ. 1996ರ ಕಾನೂನಿನಂತೆ ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಸೆಸ್ ವಸೂಲಾಗುತ್ತ ಬಂದಿದೆ. ಆ ಹಣ ಅವರದು. ಅವರ ಹೆಸರನ್ನು ಮಂಡಳಿಯಲ್ಲಿ ನೋಂದಾಯಿಸಲು, ಮಕ್ಕಳನ್ನು ಹತ್ತಿರದ ಶಾಲೆಗೆ, ಅಂಗನವಾಡಿಗೆ ಸೇರಿಸಲು ನಮ್ಮ ಯುವಕರು ವಾರಕ್ಕೆ ಒಂದು ಸಂಜೆ ಕೊಡಲಿ. ಇಲ್ಲಿಯ ಹಂಪಿನಗರದ ಗ್ರಂಥಾಲಯದಲ್ಲಿ ಕುಳಿತು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಒಂದು ಅರ್ಜಿ ತುಂಬಿಕೊಡುವುದು ಕಷ್ಟದ ಕೆಲಸವಲ್ಲ. ಸಾರ್ವಜನಿಕರ ಹಣದಲ್ಲಿ ಇಟ್ಟ ಪುಸ್ತಕ ಅವರ ಕೈ ಹಿಡಿದಿದೆ, ಅವರು ಇನ್ನೊಂದು ಮಗುವಿನ ಕೈ ಹಿಡಿಯಲಿ.

ನಾಲ್ಕನೆಯದು, ಕೇಳುವುದಕ್ಕೆ ನಮಗೆ ಒಬ್ಬ ಪ್ರತಿನಿಧಿ ಬೇಕು. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಸ, ಚರಂಡಿ, ಸೊಳ್ಳೆ, ವಾರ್ಡಿನ ಆಸ್ಪತ್ರೆ ಎಲ್ಲವನ್ನೂ ಅಧಿಕಾರಿಗಳೇ ನೋಡಿಕೊಂಡರು. ಅಧಿಕಾರಿ ಒಳ್ಳೆಯವನಿರಬಹುದು, ಆದರೆ ಅವನು ನಿಮ್ಮ ಓಟಿಗೆ ಉತ್ತರ ಹೇಳಬೇಕಾದವನಲ್ಲ. ಓಟು ಕೇಳಲು ಯಾರೇ ಬಂದರೂ ಕಾಲುವೆ, ಕಮಾನು ಕೇಳುವ ಮೊದಲು ಒಂದು ಪ್ರಶ್ನೆ ಹಾಕಿ: ಈ ವಾರ್ಡಿನಲ್ಲಿ ಶಾಲೆ ಬಿಟ್ಟ ಮಕ್ಕಳು ಎಷ್ಟು, ರಕ್ತ ಕಡಿಮೆ ಇರುವ ಗರ್ಭಿಣಿಯರು ಎಷ್ಟು, ನಿಮಗೆ ಗೊತ್ತೇ? ಗೊತ್ತಿಲ್ಲ ಎಂದರೆ ತಿಳಿದುಕೊಂಡು ಬನ್ನಿ ಎಂದು ಹೇಳಿ ಕಳುಹಿಸಿ.

1913ರಲ್ಲಿ ಶಾಲೆಯ ಕಾನೂನು ಮಾಡಿದವರ ಕಣ್ಣ ಮುಂದೆ ಆಗ 1953ರ ಕಾರ್ಖಾನೆ ಇರಲಿಲ್ಲ. ಅವರು ಹಾಕಿದ ಬಂಡವಾಳದ ಬಡ್ಡಿಯನ್ನು ನಾವು ಉಂಡೆವು. ನಮ್ಮ ಮಕ್ಕಳು ಉಣ್ಣಬೇಕಾದ ಬಡ್ಡಿಗೆ ಅಸಲು ಹಾಕುವ ಸರದಿ ಈಗ ನಮ್ಮದು. ಮುಂದಿನ ಭಾನುವಾರ ಸಂಜೆ ಶೆಡ್ಡುಗಳಲ್ಲಿ ಮಕ್ಕಳ ಪಟ್ಟಿ ಬರೆಯಲು ಹೊರಡುತ್ತೇವೆ. ಬರುವವರು ಇಲ್ಲಿಯೇ ಹೆಸರು ಕೊಟ್ಟು ಹೋಗಿ.